ಆ ನಾಲ್ಕನೇ ಪುಸ್ತಕ ಯಾಕಿಟ್ರಿ ಸಾರ್?

ಕಳೆದ ಭಾನುವಾರದ ಸಂಗತಿ. ಬರೆಯೋದೋ ಬೇಡವೋ ಅಂತ ನಾಲ್ಕು ದಿನ ಒದ್ದಾಡಿದೆ. ಬರೆಯದಿದ್ರೆ ಹೊಟ್ಟೆಯೊಳಗೇ ಕುದೀತಾ ಇರತ್ತೆ, ಹಾಗಾಗಿ ಬರೆದೇಬಿಡ್ತೀನಿ. ಬೈಯೋರು ಬೈಯಿರಿ.

ಶಾಲೆಗೆ ರಜೆ. ಬೀದಿಯ ಏಳು ಮಕ್ಕಳು ನಮ್ಮ ನಡುಮನೆಯಲ್ಲಿ ಧೂಳೆಬ್ಬಿಸ್ತಾ ಇದ್ವು. ಸುಮ್ಮನೆ ಕೂರಲಿ ಅಂತ ಅಮ್ಮನ ಪುಸ್ತಕದ ಕಪಾಟು ತೆಗೆದು ಒಂದು ಆಟ ಹೇಳಿಕೊಟ್ಟೆ. ಪುಸ್ತಕಗಳನ್ನ ಒಂದರ ಮೇಲೊಂದು ಪೇರಿಸಬೇಕು, ಬೆನ್ನು ನಮ್ಮ ಕಡೆಗಿರಬೇಕು. ಮೇಲಿಂದ ಕೆಳಗೆ ಹೆಸರುಗಳನ್ನ ಓದಿದರೆ ಕವಿತೆಯಾಗಬೇಕು. ಅಷ್ಟೇ. ಇದು ನನ್ನ ತಲೆಯಿಂದ ಬಂದದ್ದೇನಲ್ಲ. ನೀನಾ ಕಚದೂರಿಯನ್ ಅನ್ನೋ ಕಲಾವಿದೆ 1993ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಪುಸ್ತಕ ಜೋಡಿಸಿ ಫೋಟೋ ತೆಗೆಯೋಕೆ ಶುರು ಮಾಡಿದರು. ಆಮೇಲೆ ಇದು ಎಷ್ಟೋ ಶಾಲೆ, ಲೈಬ್ರರಿಗಳ ಆಟವಾಯ್ತು.

ಕನ್ನಡದಲ್ಲಿ ಇದರ ರುಚಿಯೇ ಬೇರೆ ಸ್ವಾಮಿ. ನಮ್ಮ ಪ್ರತ್ಯಯಗಳು ಸುಮ್ಮನೆ ಕೂರೋದಿಲ್ಲ. ಒಬ್ಬಳು ತ್ರಿವೇಣಿಯವರ 'ಹಣ್ಣೆಲೆ ಚಿಗುರಿದಾಗ' ಇಟ್ಟಳು. ಚಿಗುರಿದಾಗ... ಏನಾಯ್ತು? ಆ 'ದಾಗ' ಅನ್ನೋದು ಏಳೂ ಮಕ್ಕಳನ್ನ ಹತ್ತು ನಿಮಿಷ ಕಪಾಟಿನ ಮುಂದೆ ನಿಲ್ಲಿಸಿತು. ಕೊನೆಗೆ ಅದರ ಕೆಳಗೆ ಬಂದದ್ದು ಕಾರಂತರ 'ಮೂಕಜ್ಜಿಯ ಕನಸುಗಳು'. ನನಗೆ ಮೈ ಜುಂ ಅಂತು. ಇನ್ನೊಬ್ಬ ಪೋರ ಇಟ್ಟದ್ದು ಹೀಗೆ:

ಜುಗಾರಿ ಕ್ರಾಸ್
ಮೂರು ದಾರಿಗಳು
ಕಾಡು

ತೇಜಸ್ವಿ, ಚಿತ್ತಾಲ, ಆಲನಹಳ್ಳಿ. ಮೂವರನ್ನೂ ಓದಿರದ ಹುಡುಗ ಮೂವರನ್ನೂ ಒಂದೇ ಕ್ರಾಸಿನಲ್ಲಿ ಇಳಿಸಿಬಿಟ್ಟಿದ್ದ!

(ಇಲ್ಲಿ ನಮ್ಮ ಪ್ರಕಾಶಕರಿಗೆ ಒಂದು ಮಾತು. ಕೆಲವು ಪುಸ್ತಕದ ಬೆನ್ನಿನ ಮೇಲೆ ಹೆಸರು ಕೆಳಗಿಂದ ಮೇಲಕ್ಕೆ, ಕೆಲವಕ್ಕೆ ಮೇಲಿಂದ ಕೆಳಕ್ಕೆ. ಮಕ್ಕಳು ಕತ್ತು ಆ ಕಡೆ ಈ ಕಡೆ ವಾಲಿಸಿ ವಾಲಿಸಿ ಸುಸ್ತಾದ್ವು. ಇನ್ನು ನಮ್ಮನೆಯಲ್ಲಿದ್ದ ಮಕ್ಕಳ ಪುಸ್ತಕಗಳ ಕತೆ ಕೇಳಲೇಬೇಡಿ. ಮಧ್ಯಕ್ಕೆ ಎರಡು ಪಿನ್ ಹೊಡೆದ ತೆಳ್ಳನೆ ಪುಸ್ತಕಗಳು, ಅವಕ್ಕೆ ಬೆನ್ನೇ ಇಲ್ಲ. ಮಕ್ಕಳ ಆಟದಲ್ಲಿ ಮಕ್ಕಳ ಪುಸ್ತಕಕ್ಕೇ ಜಾಗವಿಲ್ಲ.)

ಹಿಂದಿನ ಬೀದಿಯ ಹುಡುಗಿಯೊಬ್ಬಳಿದ್ದಾಳೆ, ಐದನೇ ಕ್ಲಾಸು. ಮಾತು ಕಮ್ಮಿ. ಕಾಗುಣಿತ ತಪ್ಪುತ್ತೆ ಅಂತ ಬರೆಯೋದಕ್ಕೂ ಹೆದರುತ್ತೆ ಆ ಮಗು. ಬರೆಯೋ ಗೊಡವೆಯೇ ಇಲ್ಲದ ಆಟ ಅಲ್ವಾ, ಮೂಲೆಯಲ್ಲಿ ಕೂತು ತನ್ನ ಪಾಡಿಗೆ ಮೂರು ಪುಸ್ತಕ ಇಟ್ಟಳು. ಮೂರೂ ತ್ರಿವೇಣಿಯವರವು:

ಅವಳ ಮನೆ
ಮುಚ್ಚಿದ ಬಾಗಿಲು
ಬೆಕ್ಕಿನ ಕಣ್ಣು

ನಡುಮನೆ ಒಂದು ಕ್ಷಣ ಸುಮ್ಮನಾಯ್ತು. ಆ ಬೆಕ್ಕು ಒಳಗಿದೆಯೋ ಹೊರಗಿದೆಯೋ? 'ಅವಳು' ಅಂದರೆ ಯಾರು? ನಾನು ಕೇಳಲಿಲ್ಲ. ಕೇಳೋದಲ್ಲ ಅದು.

ಆ ಹೊತ್ತಿಗೇ ಕಾಫಿಗೆ ಬಂದಿದ್ದ ಪರಿಚಯದ ಹಿರಿಯರೊಬ್ಬರು ಎದ್ದು ಬಂದರು. ಪದ್ಯ ಬರೆಯೋರು, ಒಳ್ಳೆಯವರು, ಮಕ್ಕಳಂದ್ರೆ ಪ್ರಾಣ. "ಚೆನ್ನಾಗಿದೆ ಪುಟ್ಟಿ, ಆದ್ರೆ ಹೀಗೆ ಮುಗಿಸಬಾರದಮ್ಮ. ಮಕ್ಕಳ ಕವಿತೆ ಅಂದ್ರೆ ಆಶಾಭಾವ ಇರಬೇಕು" ಅಂತ ಕಪಾಟಿಂದ ಇನ್ನೊಂದು ಪುಸ್ತಕ ಎಳೆದು ಕೆಳಗೆ ಸೇರಿಸಿದರು. 'ಬಾನು ಬೆಳಗಿತು'. ಅದೂ ತ್ರಿವೇಣಿಯವರದೇ, ಪಾಪ!

ಎಲ್ಲರೂ ಚಪ್ಪಾಳೆ ತಟ್ಟಿದರು. ಹುಡುಗಿ ಒಂದು ಮಾತೂ ಆಡದೆ ತನ್ನ ಮೂರು ಪುಸ್ತಕ ಎತ್ತಿ, ಕಪಾಟಿನಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟು ಮನೆಗೆ ಹೋದಳು. 'ಬಾನು ಬೆಳಗಿತು' ನೆಲದ ಮೇಲೆ ಒಂಟಿಯಾಗಿ ಉಳೀತು.

ಆಮೇಲೆ ವಾದ. ಹಿರಿಯರ ಮೊದಲ ತಕರಾರು, ಇದು ಕದ್ದ ಕವಿತೆ ಅನ್ನೋದು. ಸಾರ್, ಭೈರಪ್ಪನವರ 'ತಬ್ಬಲಿಯು ನೀನಾದೆ ಮಗನೆ' ಅನ್ನೋ ಹೆಸರು ಬಂದದ್ದೇ ಗೋವಿನ ಹಾಡಿನಿಂದ. ದೊಡ್ಡವರು ಎತ್ತಿಕೊಂಡರೆ ಪರಂಪರೆ, ಮಕ್ಕಳು ಎತ್ತಿಕೊಂಡರೆ ಕಳ್ಳತನವೇ? ಕಾನೂನೇ ಬೇಕಂದ್ರೆ, 2015ರಲ್ಲಿ ಸುಪ್ರೀಂ ಕೋರ್ಟು ಸಿನಿಮಾ ಹೆಸರಿನ ತಗಾದೆಯೊಂದರಲ್ಲಿ ಬರೀ ಶೀರ್ಷಿಕೆಗೆ ಕೃತಿಸ್ವಾಮ್ಯ ಇಲ್ಲ ಅಂದಿದೆ. ಅವಧಾನದ ಸಮಸ್ಯಾಪೂರಣದಲ್ಲೂ ಒಂದು ಸಾಲು ಪೃಚ್ಛಕರದ್ದೇ ತಾನೆ? ಆಗ ಮುಂದಿನ ಸಾಲಲ್ಲಿ ಕೂತು ತಲೆದೂಗೋರು ನೀವೇ.

ಎರಡನೆಯದು, ಓದದೆ ಹೆಸರು ಜೋಡಿಸಿದರೆ ಏನು ಬಂತು ಅನ್ನೋದು. ಇದಕ್ಕೆ ನನ್ನ ಹತ್ತಿರ ಗಟ್ಟಿ ಉತ್ತರ ಇಲ್ಲ, ಒಪ್ಕೋತೀನಿ. ಆ ಏಳರಲ್ಲಿ ಒಂದೂ ಮುಂದೆ ಕಾರಂತರನ್ನ ಓದದೇ ಇರಬಹುದು. ಆದರೆ ಗಾಜಿನ ಬಾಗಿಲ ಹಿಂದೆ ಬೀಗ ಹಾಕಿಸಿಕೊಂಡು ಕೂತಿರೋ ಪುಸ್ತಕವನ್ನಂತೂ ಯಾವ ಮಗುವೂ ಓದೋದಿಲ್ಲ. ಮುಟ್ಟೋದು ಮೊದಲು, ಓದೋದು ಆಮೇಲೆ.

ನನ್ನ ಸಿಟ್ಟು ಈ ಎರಡು ತಕರಾರಿನ ಮೇಲಲ್ಲ. ಆ ನಾಲ್ಕನೇ ಪುಸ್ತಕದ ಮೇಲೆ. ಶಾಲೆಯ ಪದ್ಯ ಸ್ಪರ್ಧೆಗಳನ್ನ ನೋಡಿ. ಮರ ಉಳಿಸಿ, ನೀರು ಉಳಿಸಿ, ಅಮ್ಮ ದೇವರು, ನಾಡು ಚಿನ್ನ. ಹತ್ತು ವರ್ಷದ ಮಗುವಿಗೆ ಭಯವೇ ಇಲ್ಲ, ಬೇಜಾರಿಲ್ಲ, ಮುಚ್ಚಿದ ಬಾಗಿಲು ಅನ್ನೋದೇ ಗೊತ್ತಿಲ್ಲ ಅನ್ನೋ ಹಾಗೆ. ಮಗು ಸರಿಯಾಗಿ ಕಂಡದ್ದನ್ನ ಇಟ್ಟರೆ ನಾವು ಓಡಿಹೋಗಿ ಕೊನೆಗೊಂದು ಸೂರ್ಯೋದಯ ಅಂಟಿಸ್ತೀವಿ. ಮಗುವಿಗೆ ಧೈರ್ಯ ಬರಲಿ ಅಂತ ಅಲ್ಲ ಕಣ್ರೀ, ನಮಗೆ ಆ ಬೆಕ್ಕಿನ ಕಣ್ಣು ನೋಡೋಕೆ ಧೈರ್ಯ ಇಲ್ಲ ಅಂತ.

ನಾನೇನು ದೊಡ್ಡ ಹರಿಶ್ಚಂದ್ರ ಅಲ್ಲ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ. ಹಿರಿಯರು, ಮನೆಗೆ ಬಂದವರು, ಬೇಜಾರು ಮಾಡ್ಕೋತಾರೆ ಅಂತ. ಅವಳು ಚಪ್ಪಲಿ ಹಾಕ್ಕೊಳ್ಳೋವಾಗ ಒಂದು ಸಲ ತಿರುಗಿ ನೋಡಿದಳು, ನನ್ನ ಕೈ ಇನ್ನೂ ಜೋಡಿಸಿದ ಹಾಗೇ ಇತ್ತು. ಇಷ್ಟುದ್ದ ಬರೆಯೋಕೆ ಕಾರಣ ಅದೇ.

ನಿನ್ನೆ ಅವರ ಮನೆಗೆ ಹೋಗಿ ಬಂದೆ. ಬರುವ ಭಾನುವಾರ ಬರ್ತೀಯಾ ಅಂದೆ. "ಆ ತಾತ ಬರ್ತಾರಾ?" ಅಂದಳು. ಬರಬಹುದು ಅಂದೆ. ಏನೂ ಹೇಳಲಿಲ್ಲ.

ಸಾರ್, ಇದನ್ನ ಓದ್ತಾ ಇದ್ರೆ ಖಂಡಿತ ಬನ್ನಿ, ಕಾಫಿ ಇದೆ. ಲೋಟ ಮಾತ್ರ ಎರಡೂ ಕೈಯಲ್ಲಿ ಹಿಡ್ಕೊಂಡಿರಬೇಕು.