ಬೀರುವಿನ ಬೀಗ ತೆಗೆಯಿರಿ, ಸಂಶೋಧಕರೇ!

ನಿಮ್ಮೂರಿಗೆ ಎಂದಾದರೂ ವಿಶ್ವವಿದ್ಯಾಲಯದವರು ಬಂದಿದ್ದರೇ? ಹೆಗಲಿಗೆ ಟೇಪ್ ರೆಕಾರ್ಡರ್ ನೇತುಹಾಕಿಕೊಂಡು, ಅಜ್ಜಿಯರನ್ನು ಜಗುಲಿಯ ಮೇಲೆ ಕೂರಿಸಿ, ಸೋಬಾನೆ ಪದ, ಬೀಸುವ ಪದ ಹಾಡಿಸಿಕೊಂಡು ಹೋಗಿದ್ದರೇ? ಹಾಡಿದವರು ತೀರಿಕೊಂಡರು. ಹಾಡಿಸಿಕೊಂಡವರು ಡಾಕ್ಟರ್ ಆದರು, ಪ್ರೊಫೆಸರ್ ಆದರು, ಹಲವರು ನಿವೃತ್ತರೂ ಆದರು. ಆ ದನಿ ಈಗ ಎಲ್ಲಿದೆ? ಯಾರ ಮನೆಯ ಅಟ್ಟದಲ್ಲಿ, ಯಾವ ವಿಭಾಗದ ಬೀರುವಿನಲ್ಲಿ? ವಿಚಾರಿಸಿ ನೋಡಿ. ಬಹುಪಾಲು ಕಡೆ ಸಿಗುವ ಉತ್ತರ ಒಂದೇ: ಗೊತ್ತಿಲ್ಲ!

ಮಹಾಪ್ರಬಂಧ ಸಿಗುತ್ತದೆ, ಒಪ್ಪಿಕೊಳ್ಳೋಣ. 2009ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ ನಿಯಮ ಮಾಡಿದ ಮೇಲೆ ಪಿಎಚ್.ಡಿ. ಪ್ರಬಂಧಗಳು 'ಶೋಧಗಂಗಾ'ಕ್ಕೆ ಸೇರುತ್ತಿವೆ. ಯಾರು ಬೇಕಾದರೂ ಕೂತಲ್ಲೇ ಓದಬಹುದು. ಆದರೆ ಪ್ರಬಂಧವೆಂಬುದು ಬಡಿಸಿದ ಎಲೆ ಮಾತ್ರ. ಕಣದಲ್ಲಿ ರಾಶಿ ಬಿದ್ದ ಕಾಳು ಬೇರೆಯೇ ಇದೆ. ಇಡೀ ರಾತ್ರಿ ಧ್ವನಿಮುದ್ರಿಸಿಕೊಂಡ ಮಂಟೇಸ್ವಾಮಿ ಕಾವ್ಯದಲ್ಲಿ ಪ್ರಬಂಧಕ್ಕೆ ಇಳಿದದ್ದು ಹತ್ತಿಪ್ಪತ್ತು ಸಾಲು. ಉಳಿದದ್ದು ಕ್ಯಾಸೆಟ್ಟಿನಲ್ಲೇ ಉಳಿಯಿತು. ಊರೂರು ಅಲೆದು ತುಂಬಿಸಿದ ಪ್ರಶ್ನಾವಳಿಗಳು, ಒಕ್ಕಲುತನದ ಪದಪಟ್ಟಿಗಳು, ಫೋಟೋಗಳು, ತಾಳೆಗರಿಯಿಂದ ಇಳಿಸಿಕೊಂಡ ನೋಟುಪುಸ್ತಕಗಳು, ಇವೆಲ್ಲ ವೈವಾ ಮುಗಿದ ಮರುದಿನವೇ ಅನಾಥ.

ಕ್ಯಾಸೆಟ್ಟು ಕಾಯುವುದಿಲ್ಲ ಸ್ವಾಮಿ! ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ, ಟೇಪಿನ ಮೇಲಿನ ಲೇಪ ಉದುರುತ್ತದೆ. ಅದನ್ನು ಓಡಿಸುವ ಯಂತ್ರವನ್ನೇ ಇಂದು ಹುಡುಕಿ ತರಬೇಕು. ಈಗಿನವರು ಮೊಬೈಲಿನಲ್ಲಿ ಮುದ್ರಿಸುತ್ತಾರೆ. ಫೋನು ಕೆಟ್ಟರೆ ಅದೂ ಹೋಯಿತು.

ಇಲ್ಲಿ ಬಿ.ಎಲ್. ರೈಸ್ ಅವರನ್ನು ನೆನೆಯಬೇಕು. ಬೆಂಗಳೂರಿನಲ್ಲೇ ಹುಟ್ಟಿದ ಈ ಇಂಗ್ಲಿಷ್ ಮನುಷ್ಯ ಮೈಸೂರು ಸೀಮೆ, ಕೊಡಗು ಸುತ್ತಿ ಒಂಬತ್ತು ಸಾವಿರದಷ್ಟು ಶಾಸನ ಕಲೆಹಾಕಿಸಿದರು. 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೊದಲ ಸಂಪುಟ 1886ರಲ್ಲಿ ಬಂತು. ಬೆಂಗಳೂರು ಜಿಲ್ಲೆಯ ಒಂಬತ್ತನೆಯ ಸಂಪುಟ 1905ರಲ್ಲಿ. ಅವರು ಶಾಸನದ ಪಾಠ ಕೊಟ್ಟು ಸುಮ್ಮನಾಗಲಿಲ್ಲ. ಯಾವ ತಾಲ್ಲೂಕು, ಯಾವ ಹಳ್ಳಿ, ಯಾವ ಗುಡಿಯ ಮುಂದಿನ ಕಲ್ಲು, ಯಾವ ಹೊಲದಲ್ಲಿದೆ, ಇದನ್ನೂ ಬರೆಸಿದರು. ಆ ಒಂದೊಂದು ಸಾಲಿನ ವಿಳಾಸದ ಬೆಲೆ ನೂರು ವರ್ಷದ ಮೇಲೆ ತಿಳಿಯಿತು! ಬೆಂಗಳೂರು ಊದಿಕೊಂಡು ಹಳ್ಳಿಗಳನ್ನು ನುಂಗಿದ ಮೇಲೆ, ಶಾಸನಾಸಕ್ತ ನಾಗರಿಕರು ಆ ಸಂಪುಟ ಹಿಡಿದುಕೊಂಡೇ ಬೀದಿ ಬೀದಿ ಅಲೆದು ಕಲ್ಲುಗಳನ್ನು ಪತ್ತೆ ಮಾಡಿದರು. ಎಷ್ಟೋ ಕಲ್ಲು ಸಿಕ್ಕವು, ಎಷ್ಟೋ ಮಾಯವಾಗಿದ್ದವು. ಹಾಗೆ ಹುಡುಕುವವರ ಕಣ್ಣಿಗೇ 2018ರಲ್ಲಿ, ಯಾವ ಸಂಪುಟದಲ್ಲೂ ಇಲ್ಲದ, ಎಂಟನೆಯ ಶತಮಾನದ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಬಿತ್ತು. ರೈಸ್ ಆ ವಿಳಾಸಗಳನ್ನು 'ನನ್ನ ಸ್ವಂತ ಸಾಮಗ್ರಿ' ಎಂದು ಪೆಟ್ಟಿಗೆಯಲ್ಲಿಟ್ಟು ಹಡಗು ಹತ್ತಿದ್ದರೆ, ಕಳೆದುಹೋದದ್ದು ಏನೆಂದು ಕೂಡ ನಮಗೆ ತಿಳಿಯುತ್ತಿರಲಿಲ್ಲ.

ನಮ್ಮ ಸಂಶೋಧಕರನ್ನು ಕೇಳುತ್ತಿರುವುದು ಅಷ್ಟೇ. ಸಾಮಗ್ರಿಯನ್ನೇ ಕೊಟ್ಟುಬಿಡಿ ಎಂದಲ್ಲ, ಸಾಮಗ್ರಿ ಇದೆಯೆಂದು ಹೇಳಿ! ಏನು ಕಲೆಹಾಕಿದಿರಿ, ಯಾವ ಊರಲ್ಲಿ, ಯಾವ ವರ್ಷ, ಎಷ್ಟು ಗಂಟೆಯ ಮುದ್ರಣ, ಈಗ ಯಾರ ಬಳಿ ಇದೆ, ಬೇಕಾದವರು ಯಾರನ್ನು ಕೇಳಬೇಕು. ಒಂದು ಹಾಳೆಯಲ್ಲಿ ಮುಗಿಯುವ ಕೆಲಸ. ಅದನ್ನು ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷಿನಲ್ಲಿ 'ಫೋಕ್ ಸಾಂಗ್' ಎಂದು ಬರೆದರೆ ಗೀಗೀ ಪದ, ಲಾವಣಿ, ಸೋಬಾನೆ, ಕೋಲಾಟದ ಪದ ಎಲ್ಲ ಒಂದೇ ಚೀಲಕ್ಕೆ ಬೀಳುತ್ತವೆ. ಆಮೇಲೆ ಗೀಗೀ ಪದ ಹುಡುಕುವವನು ಚೀಲವನ್ನೇ ಬುಡಮೇಲು ಮಾಡಬೇಕು. ತುಳು, ಕೊಡವ, ಬ್ಯಾರಿ, ಸೋಲಿಗರ ನುಡಿಯ ಸಾಮಗ್ರಿಗೂ ಅವರವರ ಹೆಸರುಗಳನ್ನೇ ಇಡಬೇಕು.

'ಬೇರೆಯವರು ಕದ್ದು ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸುತ್ತಾರೆ' ಎಂಬ ಭಯ ಇದೆ. ಸುಳ್ಳಲ್ಲ, ಅಂಥ ಕೃತಿಚೋರರು ನಮ್ಮಲ್ಲಿದ್ದಾರೆ. ಆದರೆ ಯೋಚಿಸಿ: ನಿಮ್ಮ ಬಳಿ ಇಂಥದ್ದು ಇಂಥ ವರ್ಷದಿಂದ ಇದೆಯೆಂದು ಸೂಚಿಯಲ್ಲಿ ದಾಖಲಾಗಿದ್ದರೆ ಕಳ್ಳನನ್ನು ಹಿಡಿಯುವುದು ಸುಲಭವೋ, ಯಾರಿಗೂ ತಿಳಿಯದಂತೆ ಬಚ್ಚಿಟ್ಟಿದ್ದರೆ ಸುಲಭವೋ? ಅರಿಶಿನದ ಕತೆ ನೆನಪಿಸಿಕೊಳ್ಳಿ. ಅರಿಶಿನ ಗಾಯ ಮಾಗಿಸುತ್ತದೆಂದು 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟರು. 1997ರಲ್ಲಿ ಅದು ಬಿದ್ದುಹೋದದ್ದು ನಮ್ಮ ಸಿ.ಎಸ್.ಐ.ಆರ್. ಹಳೆಯ ಬರವಣಿಗೆಯ ಪುರಾವೆ ಒಡ್ಡಿದ್ದರಿಂದ. ನಮ್ಮಜ್ಜಿಗೆ ಗೊತ್ತಿತ್ತು ಎಂಬ ಬಾಯಿಮಾತು ಅಲ್ಲಿ ನಡೆಯುತ್ತಿರಲಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಹಾಡಿದವರು ಒಪ್ಪಿದ್ದರೇ? ಗುಡಿಯೊಳಗೆ ಮಾತ್ರ ಹಾಡಬೇಕಾದದ್ದಿರುತ್ತದೆ, ನಾಟಿ ವೈದ್ಯರ ಮನೆತನದ ಗುಟ್ಟಿರುತ್ತದೆ. ಅಂಥದ್ದನ್ನು ಜಗತ್ತಿಗೆಲ್ಲ ಬಿಚ್ಚಿಡಲು ಸಂಶೋಧಕನಿಗೆ ಹಕ್ಕಿಲ್ಲ, ವಿಶ್ವವಿದ್ಯಾಲಯಕ್ಕೂ ಇಲ್ಲ. ಅಲ್ಲಿ 'ಇದೆ, ಆದರೆ ಆ ಮನೆಯವರ ಒಪ್ಪಿಗೆ ಇಲ್ಲದೆ ಕೊಡುವುದಿಲ್ಲ' ಎಂದು ಬರೆದರೆ ಸಾಕು. ಗುರುಗ್ರಾಮದಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನವರ ಸಂಗೀತ ಸಂಗ್ರಹಾಲಯವಿದೆ, 1982ರಲ್ಲಿ ಶುರುವಾದದ್ದು. ಸಂಶೋಧಕರು ತಮ್ಮ ಧ್ವನಿಮುದ್ರಣಗಳನ್ನು ಷರತ್ತು ಹಾಕಿಯೇ ಅಲ್ಲಿ ಇಡುತ್ತಾರೆ. ಅಲ್ಲಿ ಆಗುವುದು ಹಂಪಿಯಲ್ಲಿ, ಮೈಸೂರಿನಲ್ಲಿ, ಧಾರವಾಡದಲ್ಲಿ ಯಾಕೆ ಆಗಬಾರದು? ಹಾಡಿದ ಮನೆಯ ಮೊಮ್ಮಕ್ಕಳಿಗಂತೂ ಒಂದು ಪ್ರತಿ ಕೊಡಲೇಬೇಕು. ಅದು ಉಪಕಾರವಲ್ಲ, ಬಾಕಿ.

ತಪ್ಪೆಲ್ಲ ಸಂಶೋಧಕರದೇ ಎಂದರೆ ಅನ್ಯಾಯವಾದೀತು. ಬಡ್ತಿಯ ಹೊತ್ತಿಗೆ ಎಣಿಸುವುದು ಅಚ್ಚಾದ ಲೇಖನಗಳನ್ನು. ವರ್ಷವಿಡೀ ಕೂತು ಇನ್ನೂರು ಕ್ಯಾಸೆಟ್ಟಿಗೆ ಸೂಚಿ ಮಾಡಿದವರ ಬೆನ್ನು ತಟ್ಟುವವರಿಲ್ಲ. ಕೊಡುತ್ತೇನೆಂದು ಹೋದರೂ 'ಜಾಗವಿಲ್ಲ, ತೆಗೆದುಕೊಂಡು ಹೋಗಿ' ಎನ್ನುವ ಗ್ರಂಥಾಲಯಗಳಿವೆ. ಆದರೆ ಈ ಸಾಮಗ್ರಿಗೆ ಖರ್ಚಾದದ್ದು ನಿಮ್ಮ ತೆರಿಗೆಯ ಹಣ. ಜೆ.ಆರ್.ಎಫ್. ಮೊತ್ತ 2023ರಲ್ಲಿ ತಿಂಗಳಿಗೆ 37,000 ರೂಪಾಯಿಗೆ ಏರಿತು, ಸಂತೋಷ. ಅಷ್ಟು ಕೊಡುವವರು ಕೊನೆಯಲ್ಲಿ ಒಂದು ಹಾಳೆ ಕೇಳಬಾರದೇ? ಪ್ರಬಂಧ ಸಲ್ಲಿಸುವ ದಿನವೇ ಆ ಹಾಳೆಯನ್ನೂ ಪಡೆಯುವ ನಿಯಮವನ್ನು ಕುಲಪತಿಗಳು ಮಾಡಲಿ, ಸೂಚಿ ಮಾಡಿದವರಿಗೆ ಬಡ್ತಿಯಲ್ಲಿ ಅಂಕವನ್ನೂ ಕೊಡಲಿ.

ಅದಕ್ಕೂ ಮೊದಲು ಆಗಬೇಕಾದದ್ದು ಇನ್ನೊಂದಿದೆ. 1970, 80ರ ದಶಕಗಳಲ್ಲಿ ಹಳ್ಳಿ ಸುತ್ತಿದವರು ಈಗ ವಯೋವೃದ್ಧರು. ಯಾವ ಕ್ಯಾಸೆಟ್ಟಿನಲ್ಲಿ ಯಾರ ದನಿಯಿದೆ ಎಂಬುದು ಹಲವು ಕಡೆ ಅವರ ನೆನಪಿನಲ್ಲಿ ಮಾತ್ರ ಇದೆ. ಕನ್ನಡ ವಿಭಾಗಗಳ ಮುಖ್ಯಸ್ಥರೇ, ಎಂ.ಎ. ವಿದ್ಯಾರ್ಥಿಗಳನ್ನು ಇಬ್ಬಿಬ್ಬರಂತೆ, ಖಾಲಿ ಹಾಳೆ ಕೊಟ್ಟು, ಈ ಹಿರಿಯರ ಮನೆಗಳಿಗೆ ಈ ವರ್ಷವೇ ಕಳಿಸಿಕೊಡಿ.