ಜಂತುಹುಳು ಮಿತ್ರನೇ?

ಕರುಳಿನಲ್ಲಿ ನೆಲಸಿದ ಜಂತುಹುಳು ತನ್ನ ಸ್ರಾವಗಳಿಂದ ದೇಹದ ನಿಯಂತ್ರಕ ಟಿ-ಕೋಶಗಳನ್ನು ಪ್ರಚೋದಿಸಿ, ರೋಗನಿರೋಧಕ ವ್ಯವಸ್ಥೆಯೆಂಬ ಕಾವಲುಗಾರನಿಗೇ ಜೋಂಪು ಹತ್ತಿಸುತ್ತದೆ. ಈ ಜೋಂಪು ಅಲರ್ಜಿಯನ್ನೂ ಕರುಳಿನ ಉರಿಯೂತವನ್ನೂ ತಗ್ಗಿಸೀತೆಂದು ಹುಳುವನ್ನು ಮಿತ್ರನೆಂದು ಕೊಂಡಾಡುವವರುಂಟು. ಊಹೆ ಸೊಗಸಾದುದೇ; ಆದರೆ ಭೌತವಿಜ್ಞಾನದಲ್ಲಿರುವಂತೆ ಇಲ್ಲಿಯೂ ಪ್ರಯೋಗವೇ ತೀರ್ಪುಗಾರ. ಕ್ರೋನ್ ವ್ಯಾಧಿಯವರಿಗೆ ಹಂದಿಯ ಚಾಟಿಹುಳುವಿನ ಮೊಟ್ಟೆಗಳನ್ನು ಕುಡಿಸಿ ನೋಡಿದ ದೊಡ್ಡ ಪರೀಕ್ಷೆ 2013ರಲ್ಲಿ ನಿಷ್ಫಲವಾಯಿತು. ಜೋಂಪು ಹತ್ತಿದ ಕಾವಲುಗಾರನು ಲಸಿಕೆಯ ಪಾಠವನ್ನೂ ಚೆನ್ನಾಗಿ ಕಲಿಯನು: ಈಕ್ವಡಾರಿನಲ್ಲಿ ಜಂತುಹುಳುವಿದ್ದ ಮಕ್ಕಳಿಗೆ ಮೊದಲು ಆಲ್ಬೆಂಡಜೋಲ್ ಕೊಟ್ಟಾಗ, ಕಾಲರಾ ಲಸಿಕೆಗೆ ಅವರ ದೇಹವು ಹೆಚ್ಚು ಪ್ರತಿಕಾಯಗಳನ್ನು ತಯಾರಿಸಿದುದು 2000ದಲ್ಲಿ ವರದಿಯಾಯಿತು. ಮಗುವಿನ ಅನ್ನವನ್ನು ಕದಿಯುವ ಹುಳುವಿಗೆ ಮಿತ್ರನ ಪಟ್ಟ ಸಲ್ಲದು. ಶಾಲೆಯಲ್ಲಿ ಕೊಡುವ ಗುಳಿಗೆಯನ್ನು ವಿದ್ಯಾರ್ಥಿಗಳು ಸಂಕೋಚವಿಲ್ಲದೆ ಸೇವಿಸಲಿ. ಹುಳುವಿನ ಸ್ರಾವದಲ್ಲಿ ಔಷಧವಿದ್ದರೆ ಅದನ್ನು ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಹುಡುಕಲಿ.