ಒಡೆಯೋ ಮುಂಚೆ ಒಂದು ಫೋಟೋ

ಸಂಜೆ ಆರೂಕಾಲು. ಬಸ್ಸಿಗೆ ಕಾದು ನಿಂತವರು ಮೊಬೈಲ್ ಎತ್ತಿ ಮುಳುಗೋ ಸೂರ್ಯನ ಫೋಟೋ ಹೊಡೀತಾರೆ. ಸೂರ್ಯ ಎಲ್ಲಿಗೆ ಹೋಗ್ತಾನೆ ಸ್ವಾಮಿ? ನಾಳೆಯೂ ಬರ್ತಾನೆ. ಬೆನ್ನ ಹಿಂದೆ ಅದೇ ಹೊಂಬಿಸಿಲಲ್ಲಿ ನಿಂತಿರುವ ಕಾಂಕ್ರೀಟ್ ಕಟ್ಟಡ ನಾಳೆ ಇರುತ್ತೆ ಅನ್ನೋ ಗ್ಯಾರಂಟಿ ಮಾತ್ರ ಯಾರಿಗೂ ಇಲ್ಲ.

ದಿಲ್ಲಿಯ ಪ್ರಗತಿ ಮೈದಾನದ ಕಥೆ ನೋಡಿ. ಸ್ವಾತಂತ್ರ್ಯದ 25ನೇ ವರ್ಷ, 1972ರಲ್ಲಿ, ಅಲ್ಲಿ ಹಾಲ್ ಆಫ್ ನೇಷನ್ಸ್ ಎದ್ದಿತು. ನಕ್ಷೆ ರಾಜ್ ರೇವಾಲ್ ಅವರದು, ಇಂಜಿನಿಯರ್ ಮಹೇಂದ್ರ ರಾಜ್. ಉಕ್ಕು ಕೈಗೆಟುಕದ ಕಾಲ; ಅಷ್ಟು ದೊಡ್ಡ ಹಂದರವನ್ನು ಕಾಂಕ್ರೀಟಿನಲ್ಲೇ, ಕೂಲಿಯಾಳುಗಳ ಕೈಯಿಂದಲೇ ಎರಕ ಹೊಯ್ಸಿದರು. ಒಳಗೆ ಒಂದೂ ಕಂಬವಿರಲಿಲ್ಲ. 60 ವರ್ಷ ತುಂಬದ ಕಟ್ಟಡ ಪರಂಪರೆಯ ಲೆಕ್ಕಕ್ಕೆ ಬರೋದಿಲ್ಲ ಅಂದರು. 2017ರ ಏಪ್ರಿಲ್‌ನಲ್ಲಿ ರಾತ್ರೋರಾತ್ರಿ ಒಡೆದು ಹಾಕಿದರು. ಉಳಿದದ್ದೇನು? ಮದನ್ ಮಹಟ್ಟಾ ಅಂಥವರು ತೆಗೆದಿಟ್ಟ ಕಪ್ಪು-ಬಿಳುಪು ಚಿತ್ರಗಳು.

'ಗುಡಿ, ಅರಮನೆ ಆದರೆ ಸರಿ, ಈ ಸಿಮೆಂಟ್ ಡಬ್ಬದಲ್ಲಿ ಏನಿದೆ?' ಅನ್ನುವವರಿದ್ದಾರೆ. ಅವರು ಮಟಮಟ ಮಧ್ಯಾಹ್ನ ನೋಡಿರುತ್ತಾರೆ. ಆಗ ಬಿಸಿಲು ನೆತ್ತಿಯಿಂದ ಸುರಿದು ಗೋಡೆ ಪೂರಾ ಚಪ್ಪಟೆ. ಇಳಿಹೊತ್ತಿನಲ್ಲಿ ಬೆಳಕು ಓರೆಯಾಗಿ ಗೋಡೆ ಸವರಿಕೊಂಡು ಬರುತ್ತೆ. ಎರಕದ ಹಲಗೆಯ ಗುರುತು, ಕಲ್ಲಿನ ಒರಟು ಎಲ್ಲಾ ಎದ್ದು ಕಾಣುತ್ತೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಬಾಲಕೃಷ್ಣ ದೋಶಿ ಕಟ್ಟಿಸಿದ ಐಐಎಂನ ಕಲ್ಲುಗೋಡೆಗಳಿಗೆ ಜೀವ ಬರೋದು ಇಂಥ ಬೆಳಕಲ್ಲೇ. ಸೂರ್ಯ ಮುಳುಗಿದ ಮೇಲೂ ಹತ್ತಿಪ್ಪತ್ತು ನಿಮಿಷ ಉಂಟು: ಆಕಾಶದ ನೀಲಿಯೂ ಒಳಗಿನ ದೀಪವೂ ಸಮಸಮ. ಮೊಬೈಲನ್ನು ಒಂದು ಕಂಬಕ್ಕೆ ಆನಿಸಿ, ನೆಟ್ಟಗೆ ಹಿಡಿದರೆ ಆಯಿತು. ಮೇಲಕ್ಕೆ ವಾಲಿಸಿದರೆ ಕಟ್ಟಡ ಹಿಂದಕ್ಕೆ ಬಿದ್ದ ಹಾಗೆ ಕಾಣುತ್ತೆ. ಅದರ ಬದಲು ನಾಲ್ಕು ಹೆಜ್ಜೆ ಹಿಂದೆ ಸರಿಯೋದು ಮೇಲು.

ಈ ಕೆಲಸಕ್ಕೆ ಬೆಂಗಳೂರಿನಿಂದ ಕ್ಯಾಮೆರಾದವರು ಬರಬೇಕಾಗಿಲ್ಲ. ಉತ್ತರಕ್ಕೆ ಮುಖ ಮಾಡಿದ ಗೋಡೆಗೆ ಸಂಜೆ ಬಿಸಿಲು ತಗಲೋದು ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಅದು ಎದುರಿನ ಗಲ್ಲಾದಲ್ಲಿ 20 ವರ್ಷ ಕೂತ ಅಂಗಡಿಯವರಿಗೆ ಗೊತ್ತಿರುವಷ್ಟು ಯಾವ ಫೋಟೋಗ್ರಾಫರಿಗೆ ಗೊತ್ತು?

ಒಂದು ಎಚ್ಚರಿಕೆ. ಸಂಜೆ ಬೆಳಕು ಎಲ್ಲರನ್ನೂ ಮದುಮಗಳಂತೆ ತೋರಿಸುತ್ತೆ. ಸೋರುವ ಸೂರು, ಬಿರುಕು ಬಿಟ್ಟ ಸಜ್ಜಾ ಅದರಲ್ಲಿ ಮುಚ್ಚಿಹೋಗುತ್ತೆ. ಆದ್ದರಿಂದ ಹಗಲಿನದೂ ಒಂದು ಇರಲಿ. ರಿಪೇರಿ ಮಾಡಿಸಿ ಅಂತ ಕೇಳೋಕೆ ಅದು ಬೇಕು, ಒಡೀಬೇಡಿ ಅಂತ ಕೇಳೋಕೆ ಇದು ಬೇಕು.

ಹಳೇ ಬಸ್ ಸ್ಟ್ಯಾಂಡು, ಪುರಭವನ, ಸಹಕಾರಿ ಬ್ಯಾಂಕು - ಊರಿಗೊಂದೊಂದು ಇದ್ದೇ ಇದೆ. ಫೋಟೋ ತೆಗೆದು, ತಾರೀಖು ಹಾಕಿ ಇಟ್ಟರೆ ಖರ್ಚೇನೂ ಇಲ್ಲ. ಜೆಸಿಬಿ ಬಂದ ದಿನ ಓಡಿ ಬಂದು ತೆಗೆದರೆ ಸಿಗೋದು ಧೂಳಿನ ಚಿತ್ರ.